ಮೊದಲು ನಿಲ್ಲಿಸಿ, ಆಮೇಲೆ ಅಳೆಯಿರಿ, ಕೊನೆಗೆ ಬಿಚ್ಚಿ

ಫರಂಗಿಪೇಟೆಯ ಪೇಟೆಯೊಳಗೆ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿಯಲ್ಲಿ ಇಂದಿಗೂ ಹಳೆಯ ಕಾರುಗಳು ಓಡುತ್ತಿವೆ. ಹಿಂದಿನ ಸೀಟು ಮಡಚಿ ಅಡಿಕೆ ಮೂಟೆ ಹೇರಿಕೊಂಡು ಬಂಟ್ವಾಳಕ್ಕೆ ಹೊರಟ ಮಾರುತಿ 800 ಇದೆ, ಅಪ್ಪನ ಕಾಲದ್ದೆಂದು ಮಾರದೆ ಉಳಿಸಿಕೊಂಡ ಪದ್ಮಿನಿ ಇದೆ. ಒಂದು ಕಾಲಕ್ಕೆ ಬಿ.ಸಿ.ರೋಡಿನಿಂದ ಒಳ ಊರುಗಳಿಗೆ ಜನರನ್ನು ತುಂಬಿಕೊಂಡು ಓಡುತ್ತಿದ್ದ ಡೀಸೆಲ್ ಅಂಬಾಸಿಡರ್‌ಗಳಲ್ಲಿ ಕೆಲವು ಈಗ ಮನೆಯ ಶೆಡ್ಡಿನಲ್ಲಿದ್ದು ಹಬ್ಬ, ಕೋಲ, ಮದುವೆಗಳಿಗೆ ಹೊರಬರುತ್ತವೆ. ಮಾರುತಿ 800ರ ತಯಾರಿಕೆ ನಿಂತದ್ದು 2014ರ ಜನವರಿಯಲ್ಲಿ, ಅಂಬಾಸಿಡರ್‌ನದ್ದು ಅದೇ ವರ್ಷದ ಮೇ ತಿಂಗಳಲ್ಲಿ. ಅಂದರೆ ಇವುಗಳಲ್ಲಿ ಅತಿ ಕಿರಿಯ ಕಾರಿಗೂ ಹತ್ತು ವರ್ಷ ದಾಟಿದೆ. ಹೆಚ್ಚಿನವಕ್ಕೆ ಇಪ್ಪತ್ತು, ಮೂವತ್ತು ವರ್ಷ.

ಈ ಕಾರುಗಳ ಡ್ಯಾಶ್‌ಬೋರ್ಡಿನಲ್ಲಿ ಎಣ್ಣೆಗಿಂಡಿಯ ಚಿತ್ರವಿರುವ ಒಂದು ಕೆಂಪು ದೀಪವಿರುತ್ತದೆ. ಕೆಲವು ಜೀಪು, ಅಂಬಾಸಿಡರ್‌ಗಳಲ್ಲಿ ದೀಪದ ಜತೆಗೋ ದೀಪದ ಬದಲಿಗೋ ಮುಳ್ಳಿನ ಮೀಟರ್ ಇರುತ್ತದೆ. ಗಿಂಡಿಯ ಚಿತ್ರ ಕಂಡು ಆಯಿಲ್ ಕಡಿಮೆಯಾಗಿದೆಯೆಂದೇ ಹಲವರು ತಿಳಿಯುತ್ತಾರೆ. ಒಂದು ಲೀಟರ್ ಸುರಿದು ಮುಂದೆ ಹೋಗುತ್ತಾರೆ. ಆ ದೀಪ ತಿಳಿಸುವುದು ಆಯಿಲಿನ ಒತ್ತಡವನ್ನು. ಎಂಜಿನ್ನಿನ ತಳದ ಚೇಂಬರ್ ತುಂಬ ಆಯಿಲ್ ಇದ್ದೂ ಒತ್ತಡ ಇಲ್ಲದಿರಬಹುದು, ಆಗ ಎಂಜಿನ್ ಉಳಿಯುವುದು ಕೆಲವು ನಿಮಿಷ ಮಾತ್ರ.

ದೀಪ ಹೊತ್ತಿದಾಗ ನಮ್ಮಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಸಲಹೆ ಸಿಗುತ್ತದೆ. "ಅದು ಸ್ವಿಚ್ಚು ಹಾಳಾದದ್ದು ಮಾರಾಯ್ರೆ, ನೀವು ಹೋಗಿ" ಎನ್ನುವುದು ಒಂದು. "ಹಾಫ್ ಎಂಜಿನ್ ಕೆಲಸ ಉಂಟು, ಬಿಚ್ಚಲೇಬೇಕು" ಎನ್ನುವುದು ಇನ್ನೊಂದು. ಇವೆರಡೂ ಕೆಲವೊಮ್ಮೆ ಸರಿಯಾಗಿರಬಹುದು. ಆದರೆ ಅಳೆಯದೆ ಹೇಳಿದಾಗ ಎರಡೂ ಊಹೆ ಮಾತ್ರ. ಮೊದಲನೆಯ ಊಹೆ ತಪ್ಪಿದರೆ ಎಂಜಿನ್ ಹೋಗುತ್ತದೆ, ಎರಡನೆಯದು ತಪ್ಪಿದರೆ ಹಣ ಹೋಗುತ್ತದೆ. ಎರಡರಿಂದಲೂ ಪಾರಾಗಲು ಒಂದು ಸರಳ ಕ್ರಮವಿದೆ: ಮೊದಲು ನಿಲ್ಲಿಸಬೇಕು, ಆಮೇಲೆ ಅಳೆಯಬೇಕು, ಕೊನೆಗೆ ಬೇಕೆನಿಸಿದರೆ ಮಾತ್ರ ಬಿಚ್ಚಬೇಕು.

ಪಂಪು ಕೊಡುವುದು ಹರಿವನ್ನು

ಆಯಿಲ್ ಪಂಪು ಒತ್ತಡವನ್ನು ತಯಾರಿಸುತ್ತದೆ ಎಂಬ ತಿಳಿವಳಿಕೆಯಿಂದಲೇ ಅರ್ಧ ಗೊಂದಲ ಹುಟ್ಟುತ್ತದೆ. ಪಂಪು ತಯಾರಿಸುವುದು ಹರಿವನ್ನು. ಆ ಹರಿವಿಗೆ ಮುಂದೆ ತಡೆ ಸಿಕ್ಕಾಗ ಒತ್ತಡ ಹುಟ್ಟುತ್ತದೆ. ಅಡಿಕೆ ತೋಟಕ್ಕೆ ನೀರು ಬಿಡುವವರಿಗೆ ಇದು ಗೊತ್ತು. ಕೆಲವೇ ಸ್ಪ್ರಿಂಕ್ಲರ್ ಜೆಟ್‌ಗಳನ್ನು ತೆರೆದರೆ ನೀರು ಮರದಿಂದ ಮರಕ್ಕೆ ಚಿಮ್ಮುತ್ತದೆ, ಎಲ್ಲ ಲೈನುಗಳನ್ನೂ ಒಟ್ಟಿಗೆ ತೆರೆದರೆ ಜೆಟ್ಟಿನ ಬುಡದಲ್ಲೇ ತೊಟ್ಟಿಕ್ಕುತ್ತದೆ. ಪಂಪು ಅದೇ, ಬಾವಿಯೂ ಅದೇ, ಹೊರಹೋಗುವ ದಾರಿ ಮಾತ್ರ ದೊಡ್ಡದಾಗಿದೆ.

ಎಂಜಿನ್ನಿನಲ್ಲಿ ಆಯಿಲ್ ಹೊರಹೋಗುವ ದಾರಿಗಳೆಂದರೆ ಕ್ರ್ಯಾಂಕಿನ ಮೈನ್ ಬೇರಿಂಗ್‌ಗಳು, ಕನೆಕ್ಟಿಂಗ್ ರಾಡಿನ ಬಿಗ್ ಎಂಡ್ ಬೇರಿಂಗ್‌ಗಳು, ಕ್ಯಾಮ್‌ಶಾಫ್ಟಿನ ಬುಶ್‌ಗಳು, ರಾಕರ್ ಶಾಫ್ಟು. ಹೊಸ ಎಂಜಿನ್ನಿನಲ್ಲಿ ಕ್ರ್ಯಾಂಕಿಗೂ ಬೇರಿಂಗಿಗೂ ನಡುವಿನ ಸಂದು ಒಂದು ಮಿಲಿಮೀಟರಿನ ನೂರರಲ್ಲಿ ಕೆಲವು ಪಾಲಷ್ಟೇ. ಬೇರಿಂಗ್ ಸವೆದಂತೆ ಈ ಸಂದು ಹಿಗ್ಗುತ್ತದೆ. ಸಂದಿನ ಮೂಲಕ ಸೋರುವ ಆಯಿಲ್ ಸಂದಿನ ಘನಕ್ಕೆ ತಕ್ಕಂತೆ ಹೆಚ್ಚುವುದರಿಂದ, ಸಂದು ಎರಡು ಪಟ್ಟಾದರೆ ಅದೇ ಒತ್ತಡದಲ್ಲಿ ಸೋರಿಕೆ ಎಂಟು ಪಟ್ಟಾಗುತ್ತದೆ. ಹಳೆಯ ಕಾರು ವರ್ಷಗಟ್ಟಲೆ ಸರಿಯಾಗಿ ಓಡುತ್ತಿದ್ದು ಕೊನೆಯ ಒಂದೆರಡು ವರ್ಷಗಳಲ್ಲಿ ಒತ್ತಡ ಸರಸರನೆ ಇಳಿದಂತೆ ಕಾಣುವುದಕ್ಕೆ ಇದೊಂದು ಮುಖ್ಯ ಕಾರಣ.

ಇನ್ನೊಂದು ಸಂಗತಿ ತಿಳಿದಿರಬೇಕು. ಕ್ರ್ಯಾಂಕನ್ನು ಬೇರಿಂಗಿನಿಂದ ಎತ್ತಿ ಹಿಡಿಯುವ ಒತ್ತಡ ಪಂಪಿನದ್ದಲ್ಲ. 1883ರಲ್ಲಿ ಬ್ಯೂಚಂಪ್ ಟವರ್ ಎಂಬ ಇಂಗ್ಲಿಷ್ ಎಂಜಿನಿಯರ್ ರೈಲಿನ ಅಚ್ಚಿನ ಬೇರಿಂಗ್‌ಗಳನ್ನು ಪರೀಕ್ಷಿಸುತ್ತಿದ್ದಾಗ ಬೇರಿಂಗಿನ ನೆತ್ತಿಯಲ್ಲಿ ಒಂದು ತೂತು ಕೊರೆದರು. ಎಣ್ಣೆ ಹಾಕಲೆಂದು ಕೊರೆದ ತೂತಿನಿಂದ ಎಣ್ಣೆಯೇ ಮೇಲಕ್ಕೆ ಉಕ್ಕಿತು. ಮರದ ಬಿರಡೆ ಬಡಿದು ಮುಚ್ಚಿದರೆ ಅಚ್ಚು ತಿರುಗುತ್ತಿದ್ದಂತೆ ಬಿರಡೆಯೂ ಹೊರಬಂತು. ಅಲ್ಲಿಗೆ ಗೇಜ್ ಜೋಡಿಸಿದಾಗ ಮುಳ್ಳು 200 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ದಾಟಿತು. ಬೇರಿಂಗಿನ ಮೇಲಿದ್ದ ಸರಾಸರಿ ಭಾರದ ಒತ್ತಡಕ್ಕಿಂತ ಇದು ಎರಡು ಪಟ್ಟು. ತಿರುಗುವ ಅಚ್ಚೇ ಎಣ್ಣೆಯನ್ನು ಕಿರಿದಾಗುವ ಸಂದಿಗೆ ಎಳೆದು ಆ ಒತ್ತಡವನ್ನು ಕಟ್ಟಿಕೊಳ್ಳುತ್ತಿತ್ತು. 1886ರಲ್ಲಿ ಆಸ್ಬರ್ನ್ ರೆನಾಲ್ಡ್ಸ್ ಇದರ ಗಣಿತವನ್ನು ಬರೆದರು.

ಹೀಗೆ, ನಮ್ಮ ಕಾರಿನ ಪಂಪಿನ ಕೆಲಸ ಬೇರಿಂಗಿಗೆ ಎಣ್ಣೆಯ ಕೊರತೆ ಆಗದಂತೆ ನೋಡಿಕೊಳ್ಳುವುದು. ಮುಳ್ಳು ಸ್ವಲ್ಪ ಕೆಳಗಿದ್ದ ಮಾತ್ರಕ್ಕೆ ಎಂಜಿನ್ ಅಲ್ಲಿಗೇ ಮುಗಿಯುವುದಿಲ್ಲ. ಆದರೆ ಒತ್ತಡ ಸೊನ್ನೆಗೆ ಇಳಿದರೆ ಸಂದಿಗೆ ಎಣ್ಣೆ ಬರುವುದೇ ನಿಲ್ಲುತ್ತದೆ. ಲೋಹಕ್ಕೆ ಲೋಹ ತಾಗುತ್ತದೆ, ಬೇರಿಂಗಿನ ಮೆದು ಪದರ ಕರಗುತ್ತದೆ, ಕ್ರ್ಯಾಂಕ್ ಹಿಡಿಯುತ್ತದೆ.

ಎಷ್ಟಿದ್ದರೆ ಸರಿ?

ಎಲ್ಲ ಎಂಜಿನ್‌ಗೂ ಒಂದೇ ಸಂಖ್ಯೆ ಇಲ್ಲ. ಆಯಾ ಕಾರಿನ ಸರ್ವಿಸ್ ಪುಸ್ತಕ ಹೇಳುವುದೇ ಕೊನೆಯ ಮಾತು. ಪುಸ್ತಕ ಸಿಗದಿದ್ದಾಗ ಮೆಕ್ಯಾನಿಕ್‌ಗಳ ನಡುವೆ ರೂಢಿಯಲ್ಲಿರುವ ಒಂದು ಲೆಕ್ಕ ಬಳಸಬಹುದು: ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಪ್ರತಿ 1000 ಆರ್‌ಪಿಎಂಗೆ ಸುಮಾರು 10 ಪಿಎಸ್‌ಐ. ಹೆದ್ದಾರಿಯಲ್ಲಿ 3000 ಆರ್‌ಪಿಎಂನಲ್ಲಿ ಓಡುವಾಗ 30 ಪಿಎಸ್‌ಐಗಿಂತ ಕೆಳಗಿದ್ದರೆ ಯೋಚಿಸಬೇಕಾದ ವಿಷಯ. ಬಹಳಷ್ಟು ಹಳೆಯ ಎಂಜಿನ್‌ಗಳಲ್ಲಿ ಬಿಸಿಯಾಗಿ ಓಡುವಾಗ 40ರಿಂದ 60, ಐಡ್ಲಿಂಗಿನಲ್ಲಿ 10ರಿಂದ 25 ಪಿಎಸ್‌ಐ ಕಾಣುವುದು ಸಹಜ. ಕೆಲವು ಮೀಟರ್‌ಗಳಲ್ಲಿ ಪಿಎಸ್‌ಐ, ಕೆಲವದರಲ್ಲಿ ಬಾರ್, ಇನ್ನು ಕೆಲವದರಲ್ಲಿ ಚದರ ಸೆಂಟಿಮೀಟರಿಗೆ ಕಿಲೋ ಎಂದು ಬರೆದಿರುತ್ತದೆ. ಒಂದು ಬಾರ್ ಎಂದರೆ 14.5 ಪಿಎಸ್‌ಐ, ಒಂದು ಕಿಲೋ ಎಂದರೆ 14.2 ಪಿಎಸ್‌ಐ. ಮೀಟರಿನಲ್ಲಿ 3 ಎಂದು ಕಂಡು ಗಾಬರಿಯಾಗುವ ಮೊದಲು ಅದು ಯಾವ ಅಳತೆಯ 3 ಎಂದು ನೋಡಬೇಕು.

ರೀಡಿಂಗ್ ಹೇಳುವಾಗ ಎಂಜಿನ್ ತಣ್ಣಗಿತ್ತೋ ಬಿಸಿಯಾಗಿತ್ತೋ ಎಂಬುದನ್ನೂ ಹೇಳದಿದ್ದರೆ ಆ ಸಂಖ್ಯೆಗೆ ಅರ್ಥವಿಲ್ಲ. ನಮ್ಮ ಹಳೆಯ ಕಾರುಗಳಿಗೆ ಸಾಮಾನ್ಯವಾಗಿ ಹಾಕುವ 20ಡಬ್ಲ್ಯು-40 ಆಯಿಲ್ 40 ಡಿಗ್ರಿಯಲ್ಲಿ ಇರುವುದಕ್ಕಿಂತ 100 ಡಿಗ್ರಿಯಲ್ಲಿ ಹಲವು ಪಟ್ಟು ತೆಳುವಾಗುತ್ತದೆ. ಬೆಳಗ್ಗೆ ಶೆಡ್ಡಿನಿಂದ ತೆಗೆಯುವಾಗ 60 ತೋರಿಸಿದ ಮುಳ್ಳು ಬೆಳ್ತಂಗಡಿ, ಉಜಿರೆ ದಾಟಿ ಚಾರ್ಮಾಡಿ ಘಾಟಿ ಹತ್ತಿ ನಿಂತಾಗ 12ಕ್ಕೆ ಇಳಿದಿದ್ದರೆ ಅಷ್ಟರಿಂದಲೇ ರೋಗ ಎನ್ನಲಾಗದು. ಕೆಳಗಿನ ಗೇರಿನಲ್ಲಿ ಏರು ಹತ್ತಿದ ಎಂಜಿನ್ನಿನ ಆಯಿಲ್ ಬಯಲು ದಾರಿಯ ಬಿಸಿಗಿಂತ ಮೇಲೇರಿರುತ್ತದೆ. ಸ್ವಲ್ಪ ಹೊತ್ತು ತಣಿಸಿದ ಮೇಲೆ ಮುಳ್ಳು ಹಿಂದಿನ ಜಾಗಕ್ಕೆ ಬಂದರೆ ಚಿಂತೆ ಇಲ್ಲ. ತಣಿದರೂ ಬಾರದಿದ್ದರೆ ಅಲ್ಲಿಂದ ಪರೀಕ್ಷೆ ಶುರುವಾಗಬೇಕು.

ದೀಪಕ್ಕೆ ಈ ಸೂಕ್ಷ್ಮಗಳೆಲ್ಲ ತಿಳಿಯುವುದಿಲ್ಲ. ಹೆಚ್ಚಿನ ಕಾರುಗಳಲ್ಲಿ ಒತ್ತಡ 3ರಿಂದ 7 ಪಿಎಸ್‌ಐ ಆಸುಪಾಸಿಗೆ ಬಿದ್ದಾಗ ಮಾತ್ರ ಸ್ವಿಚ್ಚು ದೀಪವನ್ನು ಹೊತ್ತಿಸುತ್ತದೆ. ಹೆದ್ದಾರಿಯಲ್ಲಿ ಓಡುವಾಗ ಇರಬೇಕಾದ 45 ಪಿಎಸ್‌ಐ 15ಕ್ಕೆ ಇಳಿದರೂ ದೀಪ ಸುಮ್ಮನೇ ಇರುತ್ತದೆ. ಆದ್ದರಿಂದ ದೀಪ ಆರಿದೆ ಎಂದರೆ ಎಲ್ಲ ಸರಿ ಇದೆ ಎಂದು ಹೇಳಲಾಗದು. ದೀಪ ಹೊತ್ತಿದೆ ಎಂದರೆ ಮಾತ್ರ, ಅದು ನಿಜ ಹೇಳುತ್ತಿದ್ದರೆ, ಈಗಾಗಲೇ ತಡವಾಗಿದೆ.

ದೀಪ ಹೊತ್ತಿದ ಕೂಡಲೇ

ಓಡುವಾಗ ದೀಪ ಹೊತ್ತಿ ಉಳಿದರೆ, ಇಲ್ಲವೇ ಮುಳ್ಳು ಸೊನ್ನೆಗೆ ಬಿದ್ದರೆ, ಕಾರನ್ನು ಬದಿಗೆ ತೆಗೆದು ಎಂಜಿನ್ ಆರಿಸಬೇಕು. ಮುಂದಿನ ಪೇಟೆ ಒಂದೇ ಕಿಲೋಮೀಟರ್ ದೂರ ಎಂಬ ಲೆಕ್ಕಾಚಾರ ಇಲ್ಲಿ ನಡೆಯುವುದಿಲ್ಲ. ತುಂಬೆಯಿಂದ ಬ್ರಹ್ಮರಕೂಟ್ಲು ಟೋಲ್‌ವರೆಗೆ ಹೋಗೋಣ, ಅಲ್ಲಿ ನಿಲ್ಲಿಸಲು ಜಾಗ ಇದೆ ಎಂದುಕೊಂಡು ಓಡಿಸುವ ಆ ಕೆಲವು ನಿಮಿಷಗಳಲ್ಲೇ ಬೇರಿಂಗ್ ಹೋಗಬಹುದು. ಎಳೆಸಿಕೊಂಡು ಹೋಗುವ ಖರ್ಚು ಕ್ರ್ಯಾಂಕ್ ಗ್ರೈಂಡಿಂಗಿನ ಖರ್ಚಿನ ಮುಂದೆ ಏನೂ ಅಲ್ಲ.

ನಿಲ್ಲಿಸಿದ ಮೇಲೆ ಐದು, ಹತ್ತು ನಿಮಿಷ ಕಾಯಬೇಕು. ಮೇಲಿನ ಆಯಿಲ್ ಚೇಂಬರಿಗೆ ಇಳಿಯಬೇಕು. ಕಾರು ಸಮತಟ್ಟು ಜಾಗದಲ್ಲಿರಬೇಕು. ಡಿಪ್‌ಸ್ಟಿಕ್ ಎಳೆದು ಒರೆಸಿ ಮತ್ತೆ ಹಾಕಿ ನೋಡಬೇಕು. ಅದರಲ್ಲಿ ಓದಬೇಕಾದದ್ದು ಮಟ್ಟವೊಂದನ್ನೇ ಅಲ್ಲ. ಕೆಳಗಿನ ಗೆರೆಗಿಂತ ಕೆಳಗಿದ್ದರೆ ಆಯಿಲ್ ಎಲ್ಲಿ ಹೋಯಿತು ಎಂದು ಹುಡುಕಬೇಕು: ಚೇಂಬರಿನ ಡ್ರೇನ್ ಬೋಲ್ಟು, ಫಿಲ್ಟರಿನ ರಬ್ಬರ್ ರಿಂಗ್, ಟಪೆಟ್ ಕವರಿನ ಪ್ಯಾಕಿಂಗ್. ಫಿಲ್ಟರ್ ಬದಲಿಸುವಾಗ ಹಳೆಯ ರಿಂಗ್ ಎಂಜಿನ್ನಿಗೇ ಅಂಟಿ ಉಳಿದು ಅದರ ಮೇಲೆ ಹೊಸತು ಕೂತರೆ, ಒತ್ತಡ ಏರಿದ ಕೂಡಲೇ ಅಲ್ಲಿಂದ ಆಯಿಲ್ ಚಿಮ್ಮಿ ಹೋಗುತ್ತದೆ. ಸರ್ವಿಸ್ ಆದ ದಿನವೇ ದೀಪ ಹೊತ್ತಿದರೆ ಮೊದಲು ಇಲ್ಲಿಗೇ ಕಣ್ಣು ಹಾಯಿಸಬೇಕು.

ಮಟ್ಟ ಮೇಲಿನ ಗೆರೆಗಿಂತ ಮೇಲಿದ್ದರೆ ಅದು ಇನ್ನೂ ದೊಡ್ಡ ಸುಳಿವು. ಆಯಿಲ್ ತಾನಾಗಿ ಹೆಚ್ಚುವುದಿಲ್ಲ. ಕಾರ್ಬ್ಯುರೇಟರ್ ಕಾಲದ ಕಾರುಗಳಲ್ಲಿ ಎಂಜಿನ್ನಿಗೆ ತಾಗಿ ಕೂತ ಪೆಟ್ರೋಲ್ ಪಂಪಿನ ಡಯಾಫ್ರಂ ಹರಿದರೆ ಪೆಟ್ರೋಲ್ ಚೇಂಬರಿಗೆ ಇಳಿಯುತ್ತದೆ. ಡಿಪ್‌ಸ್ಟಿಕ್ಕನ್ನು ಮೂಸಿದರೆ ಪೆಟ್ರೋಲಿನ ವಾಸನೆ ಬರುತ್ತದೆ, ಬೆರಳಿನ ನಡುವೆ ಉಜ್ಜಿದರೆ ಆಯಿಲ್ ನೀರಾಗಿರುತ್ತದೆ. ಅಂಥ ಆಯಿಲಿನಲ್ಲಿ ಒತ್ತಡ ನಿಲ್ಲುವುದಿಲ್ಲ. ಆಯಿಲ್ ಬೆಳ್ಳಗೆ ನೊರೆಗಟ್ಟಿದ್ದರೆ ಹೆಡ್ ಗ್ಯಾಸ್ಕೆಟ್ ಮೂಲಕ ರೇಡಿಯೇಟರಿನ ನೀರು ಸೇರಿರಬಹುದು. ಯಾರೋ ಅಗತ್ಯಕ್ಕಿಂತ ಹೆಚ್ಚು ಸುರಿದಿದ್ದರೂ ತೊಂದರೆಯೇ: ತಿರುಗುವ ಕ್ರ್ಯಾಂಕ್ ಆಯಿಲನ್ನು ಕಡೆದು ನೊರೆ ಮಾಡುತ್ತದೆ, ಪಂಪು ಆಯಿಲಿನ ಜತೆ ಗಾಳಿಯನ್ನೂ ಎಳೆಯುತ್ತದೆ, ಮುಳ್ಳು ನಡುಗುತ್ತದೆ.

ವಯರಿನ ದೋಷ, ಸ್ವಿಚ್ಚಿನ ದೋಷ

ಮಟ್ಟ ಸರಿಯಾಗಿದೆ, ವಾಸನೆ ಬಣ್ಣ ಸರಿಯಾಗಿದೆ ಎಂದಾದರೆ ರೀಡಿಂಗ್ ನಿಜವೇ ಎಂದು ನೋಡುವುದು ಮುಂದಿನ ಹೆಜ್ಜೆ. ದೀಪದ ಸರ್ಕ್ಯೂಟು ಬಹಳ ಸರಳ. ದೀಪದಿಂದ ಒಂದೇ ವಯರು ಎಂಜಿನ್ ಬ್ಲಾಕಿನ ಸ್ವಿಚ್ಚಿಗೆ ಬರುತ್ತದೆ. ಒತ್ತಡ ಇಲ್ಲದಾಗ ಸ್ವಿಚ್ಚು ಆ ವಯರನ್ನು ಬ್ಲಾಕಿಗೆ, ಅಂದರೆ ಅರ್ಥಿಗೆ, ಜೋಡಿಸುತ್ತದೆ, ದೀಪ ಹೊತ್ತುತ್ತದೆ. ಒತ್ತಡ ಬಂದಾಗ ಬಿಡಿಸುತ್ತದೆ, ದೀಪ ಆರುತ್ತದೆ. ಇದರಿಂದ ಎರಡು ಪರೀಕ್ಷೆಗಳು ಸಿಗುತ್ತವೆ. ಸ್ವಿಚ್ಚಿನಿಂದ ವಯರು ಕಳಚಿ ಕೀ ಆನ್ ಮಾಡಿದಾಗ ದೀಪ ಆರಬೇಕು. ಆರದಿದ್ದರೆ ದಾರಿಯಲ್ಲೆಲ್ಲೋ ವಯರು ಸವೆದು ಬಾಡಿಗೆ ತಾಗಿದೆ. ಕಳಚಿದ ವಯರನ್ನು ಬ್ಲಾಕಿಗೆ ತಾಗಿಸಿದಾಗ ದೀಪ ಹೊತ್ತಬೇಕು. ಹೊತ್ತದಿದ್ದರೆ ಬಲ್ಬೋ ವಯರೋ ಹೋಗಿದೆ.

ಈ ಎರಡನೆಯ ದೋಷ ಹೆಚ್ಚು ಅಪಾಯದ್ದು, ಏಕೆಂದರೆ ಅದು ಯಾರಿಗೂ ತೊಂದರೆ ಕೊಡುವುದಿಲ್ಲ. ದೀಪ ಎಂದೂ ಹೊತ್ತುವುದಿಲ್ಲ, ಮಾಲಕರು ನೆಮ್ಮದಿಯಾಗಿರುತ್ತಾರೆ, ಒತ್ತಡ ಹೋದ ದಿನ ಎಚ್ಚರಿಸುವವರೇ ಇಲ್ಲ. ಪ್ರತಿ ಬೆಳಗ್ಗೆ ಕೀ ತಿರುಗಿಸಿದಾಗ ಸ್ಟಾರ್ಟ್ ಮಾಡುವ ಮುನ್ನ ಆ ಕೆಂಪು ದೀಪ ಹೊತ್ತಿತೇ ಎಂದು ನೋಡುವುದು ಒಂದು ಕ್ಷಣದ ಕೆಲಸ. ಕಿರಿಕಿರಿ ಎಂದು ದೀಪದ ವಯರನ್ನೇ ಕಿತ್ತು ಓಡಿಸುವುದನ್ನು ಯಾರೂ ಮಾಡಬಾರದು.

ಮುಳ್ಳಿನ ಮೀಟರಿನಲ್ಲಿ ಸ್ವಿಚ್ಚಿನ ಬದಲು ಸೆಂಡರ್ ಇರುತ್ತದೆ. ಒತ್ತಡಕ್ಕೆ ತಕ್ಕಂತೆ ಅದರೊಳಗಿನ ವಿದ್ಯುತ್ ತಡೆ ಬದಲಾಗುತ್ತದೆ, ಮುಳ್ಳು ಅದನ್ನು ತೋರಿಸುತ್ತದೆ. ಇಲ್ಲಿ ಎರಡು ತಪ್ಪುಗಳು ಮತ್ತೆ ಮತ್ತೆ ಆಗುತ್ತವೆ. ಯುರೋಪಿನ ಬಗೆಯ ಸೆಂಡರ್ ಸೊನ್ನೆ ಒತ್ತಡದಲ್ಲಿ 10 ಓಮ್, ಪೂರ್ತಿ ಒತ್ತಡದಲ್ಲಿ 180 ಓಮ್ ತೋರಿಸುತ್ತದೆ. ಅಮೆರಿಕದ ಬಗೆಯದ್ದು ಇದಕ್ಕೆ ತಿರುಗುಮುರುಗು, ಸೊನ್ನೆಯಲ್ಲಿ 240, ಪೂರ್ತಿಯಲ್ಲಿ 33. ಒಂದರ ಮೀಟರಿಗೆ ಇನ್ನೊಂದರ ಸೆಂಡರ್ ಹಾಕಿದರೆ ಎಂಜಿನ್ ಆರಿದಾಗ ಮುಳ್ಳು ಮೇಲೆ, ಓಡುವಾಗ ಕೆಳಗೆ. ಸೋರದಿರಲೆಂದು ಸೆಂಡರಿನ ಮರೆಗೆ, ಅಂದರೆ ತಿರುಪಿನ ಸುತ್ತುಗಳಿಗೆ, ಟೆಫ್ಲಾನ್ ಟೇಪನ್ನು ದಪ್ಪಗೆ ಸುತ್ತುವುದು ಇನ್ನೊಂದು ತಪ್ಪು. ಒಂದೇ ವಯರಿನ ಸೆಂಡರಿಗೆ ಅರ್ಥ್ ಸಿಗುವುದು ಆ ಮರೆಯ ಮೂಲಕವೇ. ಟೇಪು ಅದನ್ನು ತಡೆದರೆ ರೀಡಿಂಗ್ ಸುಳ್ಳಾಗುತ್ತದೆ.

ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಈ ಸೀಮೆಯಲ್ಲಿ ಅರ್ಥ್ ದೋಷಕ್ಕೆ ಬರವಿಲ್ಲ. ಎಂಜಿನ್ನಿನಿಂದ ಬಾಡಿಗೆ ಹೋಗುವ ಅರ್ಥ್ ಪಟ್ಟಿ ತುಕ್ಕು ಹಿಡಿದರೆ ಮೀಟರುಗಳೆಲ್ಲ ಒಟ್ಟಿಗೆ ತಪ್ಪು ಹೇಳತೊಡಗುತ್ತವೆ. ಹೆಡ್‌ಲೈಟ್ ಹಾಕಿದ ಕೂಡಲೇ ಆಯಿಲಿನ ಮುಳ್ಳು ಅಲ್ಲಾಡಿದರೆ ಆಯಿಲಿನ ಕಡೆ ಹೋಗುವ ಮೊದಲು ಅರ್ಥನ್ನು ನೋಡಿ.

ಮೆಕ್ಯಾನಿಕಲ್ ಗೇಜಿನ ಸಾಕ್ಷಿ

ಇಷ್ಟಾದರೂ ಸಂಶಯ ಉಳಿದರೆ ತೀರ್ಪು ಕೊಡಬಲ್ಲ ಉಪಕರಣ ಮೆಕ್ಯಾನಿಕಲ್ ಗೇಜ್. ಅದಕ್ಕೆ ವಯರಿಲ್ಲ, ಬ್ಯಾಟರಿ ಇಲ್ಲ. ಒಳಗಿನ ಬಾಗಿದ ಲೋಹದ ಕೊಳವೆಗೆ ಒತ್ತಡ ಹೊಕ್ಕಾಗ ಕೊಳವೆ ನೆಟ್ಟಗಾಗಲು ನೋಡುತ್ತದೆ, ಅದರ ತುದಿ ಮುಳ್ಳನ್ನು ತಿರುಗಿಸುತ್ತದೆ. ಫ್ರಾನ್ಸಿನ ಯೂಜೀನ್ ಬೂರ್ಡೋನ್ 1849ರಲ್ಲಿ ಪೇಟೆಂಟ್ ಪಡೆದ ತತ್ತ್ವ ಇದು. ಎಂಜಿನ್ನಿನ ಸ್ವಿಚ್ಚು ಬಿಚ್ಚಿ ಅದೇ ತೂತಿಗೆ ಈ ಗೇಜ್ ಜೋಡಿಸಿದರೆ ಒತ್ತಡ ನೇರವಾಗಿ ಕಾಣುತ್ತದೆ. ಜೋಡಿಸುವಾಗ ಮರೆ ನೋಡಿಕೊಳ್ಳಬೇಕು. ಕಾಲಿಂಚಿನ ಅರ್ಧ, ಅಂದರೆ 1/8 ಇಂಚಿನ ಮರೆಯಲ್ಲಿ ಅಮೆರಿಕದ ಬಗೆಗೆ ಇಂಚಿಗೆ 27 ಸುತ್ತು, ಬ್ರಿಟಿಷ್ ಬಗೆಗೆ 28. ಮೊದಲ ಎರಡು ಸುತ್ತು ಎರಡೂ ಹೋಗುತ್ತವೆ. ಆಮೇಲೆ ಸ್ಪ್ಯಾನರ್ ಹಾಕಿ ಒತ್ತಾಯಿಸಿದರೆ ಬ್ಲಾಕಿನ ಮರೆಯೇ ಹಾಳಾಗುತ್ತದೆ.

ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿ ಒಂದು ರೀಡಿಂಗ್ ಬರೆದುಕೊಳ್ಳಿ. ಅಲ್ಲಿ ಒತ್ತಡ ಚೆನ್ನಾಗಿ ಬಂದರೆ ಎಂಜಿನ್ ಪೂರ್ತಿ ಬಿಸಿಯಾಗುವವರೆಗೆ ಓಡಿಸಿ, ಐಡ್ಲಿಂಗಿನಲ್ಲಿ, 2000 ಮತ್ತು 3000 ಆರ್‌ಪಿಎಂಗಳಲ್ಲಿ ಮತ್ತೆ ಬರೆದುಕೊಳ್ಳಿ. ಈ ನಾಲ್ಕು ಸಂಖ್ಯೆಗಳು ಪಕ್ಕಪಕ್ಕ ಇದ್ದರೆ ದೋಷದ ಜಾಡು ತಾನಾಗಿ ತೆರೆಯುತ್ತದೆ. ಗೇಜಿನಲ್ಲಿ ಎಲ್ಲವೂ ಸರಿ ಇದ್ದು ದೀಪ ಮಾತ್ರ ಹೊತ್ತಿದರೆ ಸ್ವಿಚ್ಚು ಬದಲಿಸಿದರೆ ಸಾಕು. ತಣ್ಣಗಿರುವಾಗ ಒಳ್ಳೆಯ ಒತ್ತಡ, ಬಿಸಿಯಾದಾಗ ಐಡ್ಲಿಂಗಿನಲ್ಲಿ ಮಾತ್ರ ಕಡಿಮೆ, ಆಕ್ಸಿಲರೇಟರ್ ಒತ್ತಿದರೆ ಮತ್ತೆ ಏರಿಕೆ ಎಂದಾದರೆ ಒಂದೋ ಆಯಿಲ್ ತೆಳು, ಇಲ್ಲವೇ ಬೇರಿಂಗ್ ಸವೆದಿದೆ. ತಣ್ಣಗಿರಲಿ ಬಿಸಿಯಾಗಿರಲಿ ಎಲ್ಲ ವೇಗದಲ್ಲೂ ಕಡಿಮೆ ಇದ್ದರೆ ಹೆಚ್ಚಿನ ಒತ್ತಡವನ್ನು ಬಿಟ್ಟುಕೊಡುವ ರಿಲೀಫ್ ವಾಲ್ವ್ ತೆರೆದೇ ಉಳಿದಿರಬಹುದು, ಪಂಪು ಸವೆದಿರಬಹುದು. ವೇಗ ಹೆಚ್ಚಿಸಿದಂತೆ ಒತ್ತಡ ಏರುವ ಬದಲು ಇಳಿದರೆ ಪಂಪು ಆಯಿಲ್ ಎಳೆಯುವ ಬಾಯಿಯ ಬಲೆ, ಅಂದರೆ ಸ್ಟ್ರೈನರ್, ಕಟ್ಟಿದೆ, ಪಂಪಿಗೆ ಎಳೆಯಲು ಆಯಿಲ್ ಸಿಗುತ್ತಿಲ್ಲ. ಮುಳ್ಳು ಒಂದೇ ಸಮ ನಡುಗಿದರೆ ಪಂಪಿಗೆ ಗಾಳಿ ಸೇರುತ್ತಿದೆ.

ಕೆಲಸ ಹೊರಗಿನಿಂದ ಒಳಗೆ

ಒತ್ತಡ ನಿಜಕ್ಕೂ ಕಡಿಮೆ ಎಂದು ಗೇಜ್ ಹೇಳಿದ ಮೇಲೂ ನೇರವಾಗಿ ಕ್ರ್ಯಾಂಕಿಗೆ ಕೈಹಾಕಬೇಕಿಲ್ಲ. ಸುಲಭದ್ದು, ಅಗ್ಗದ್ದು ಮೊದಲು. ಯಾವ ಆಯಿಲ್ ಹಾಕಿದ್ದೀರಿ ಎಂದು ನೋಡಿ. ಹೊಸ ಕಾರುಗಳಿಗೆಂದು ಬಂದ 5ಡಬ್ಲ್ಯು-30, 0ಡಬ್ಲ್ಯು-20 ಒಳ್ಳೆಯ ಆಯಿಲ್‌ಗಳೇ, ಆದರೆ ದೊಡ್ಡ ಸಂದಿನ ಹಳೆಯ ಎಂಜಿನ್ನಿಗಾಗಿ ಮಾಡಿದವಲ್ಲ. ಕೊನೆಯ ಸಂಖ್ಯೆ ಬಿಸಿಯಲ್ಲಿ ಆಯಿಲ್ ಎಷ್ಟು ದಪ್ಪ ಎಂಬುದನ್ನು ಹೇಳುತ್ತದೆ. 100 ಡಿಗ್ರಿಯಲ್ಲಿ 40ರ ವರ್ಗದ ಆಯಿಲಿನ ಸ್ನಿಗ್ಧತೆ 12.5ರಿಂದ 16.3 ಸೆಂಟಿಸ್ಟೋಕ್, 30ರ ವರ್ಗದ್ದು 9.3ರಿಂದ 12.5. ಕಾರಿನ ಪುಸ್ತಕ ಹೇಳಿದ ಗ್ರೇಡಿಗೆ ಮರಳಿದರೆ ಎಷ್ಟೋ ಸಲ ಐಡ್ಲಿಂಗಿನ ದೀಪ ಆರುತ್ತದೆ. ಫಿಲ್ಟರ್ ಕೂಡ ಅಷ್ಟೇ ಮುಖ್ಯ. ಅಗ್ಗದ ಡುಪ್ಲಿಕೇಟ್ ಫಿಲ್ಟರುಗಳಲ್ಲಿ ಆಯಿಲ್ ಹಿಂದಕ್ಕೆ ಇಳಿಯದಂತೆ ತಡೆಯುವ ರಬ್ಬರ್ ವಾಲ್ವ್ ಸರಿಯಾಗಿ ಕೂರುವುದಿಲ್ಲ. ರಾತ್ರಿಯಿಡೀ ಫಿಲ್ಟರ್ ಖಾಲಿಯಾಗಿ, ಬೆಳಗ್ಗೆ ಸ್ಟಾರ್ಟ್ ಮಾಡಿದ ಮೇಲೂ ದೀಪ ಕೆಲವು ಸೆಕೆಂಡ್ ಉರಿಯುತ್ತಲೇ ಇರುತ್ತದೆ.

ಆಮೇಲೆ ರಿಲೀಫ್ ವಾಲ್ವ್. ಒತ್ತಡ ಮಿತಿ ಮೀರಿದಾಗ ಹೆಚ್ಚಿನ ಆಯಿಲನ್ನು ಚೇಂಬರಿಗೆ ಬಿಡುವುದು ಇದರ ಕೆಲಸ, ಒಂದು ಸ್ಪ್ರಿಂಗು ಮತ್ತು ಒಂದು ಪಿಸ್ಟನ್ ಅಥವಾ ಗುಂಡು. ಕಸ ಸಿಕ್ಕಿ ತೆರೆದೇ ಉಳಿದರೆ ಪಂಪು ಕೊಟ್ಟದ್ದೆಲ್ಲ ಚೇಂಬರಿಗೇ ಮರಳುತ್ತದೆ. ಹಳೆಯ ಅಂಬಾಸಿಡರ್‌ಗೆ ಮೂಲವಾದ ಬಿಎಂಸಿ ಬಿ-ಸೀರೀಸ್ ಎಂಜಿನ್ನಿನಲ್ಲಿ ಇದು ಬ್ಲಾಕಿನ ಹೊರಬದಿಯಲ್ಲಿ ಒಂದು ದೊಡ್ಡ ನಟ್ಟಿನ ಕೆಳಗಿದೆ. ಚೇಂಬರ್ ಇಳಿಸದೆ ತೆಗೆದು ತೊಳೆದು ನೋಡಬಹುದು. ಎಂಜಿನ್ ಬಿಚ್ಚುವ ಮಾತು ಬಂದಾಗ ಈ ಒಂದು ನಟ್ಟನ್ನು ಬಿಚ್ಚಿ ನೋಡಲಾಗಿದೆಯೇ ಎಂದು ಅಂಬಾಸಿಡರ್ ಮಾಲಕರು ಕೇಳಲೇಬೇಕು.

ಮೂರನೆಯದು ಚೇಂಬರ್. ತೋಟದ ದಾರಿಗಳಲ್ಲಿ, ಕೆಂಪುಕಲ್ಲಿನ ಏರಿನಲ್ಲಿ, ಎತ್ತರದ ಹಂಪಿನಲ್ಲಿ ಚೇಂಬರಿಗೆ ಏಟು ಬೀಳುವುದು ನಮ್ಮ ಊರುಗಳಲ್ಲಿ ಸಾಮಾನ್ಯ. ಆಯಿಲ್ ಸೋರದಿದ್ದರೆ ಏನೂ ಆಗಿಲ್ಲ ಎಂದುಕೊಳ್ಳುತ್ತೇವೆ. ಆದರೆ ಒಳಕ್ಕೆ ನೆಗ್ಗಿದ ತಗಡು ಸ್ಟ್ರೈನರಿನ ಬಾಯಿಗೆ ತಾಗಿದರೆ ಪಂಪಿಗೆ ಆಯಿಲ್ ಹೋಗುವ ದಾರಿಯೇ ಕಿರಿದಾಗುತ್ತದೆ. ಒತ್ತಡ ಇಳಿದದ್ದು ಏಟು ಬಿದ್ದ ಮೇಲೆ ಎಂದು ನೆನಪಾದರೆ ಮೆಕ್ಯಾನಿಕ್‌ಗೆ ಹೇಳಿ, ಅದು ಬಹಳ ದೊಡ್ಡ ಸುಳಿವು. ಸ್ಟ್ರೈನರ್ ಕಟ್ಟುವುದಕ್ಕೆ ಇನ್ನೊಂದು ಕಾರಣ ಮಳೆಗಾಲದ ಚಿಕ್ಕ ಓಡಾಟ. ಮನೆಯಿಂದ ಪೇಟೆಗೆ, ಪೇಟೆಯಿಂದ ಮನೆಗೆ ಮಾತ್ರ ಓಡುವ ಕಾರಿನ ಆಯಿಲ್ ಎಂದೂ ಪೂರ್ತಿ ಬಿಸಿಯಾಗುವುದಿಲ್ಲ. ಒಳಗೆ ಸೇರಿದ ತೇವ ಆರುವುದಿಲ್ಲ. ಅದು ಮಸಿಯ ಜತೆ ಸೇರಿ ಕೆಸರಾಗಿ ಸ್ಟ್ರೈನರಿನ ಬಲೆಗೆ ಕೂರುತ್ತದೆ. ಅಂಥ ಕಾರಿಗೆ ಕಿಲೋಮೀಟರ್ ಆಗಿಲ್ಲದಿದ್ದರೂ ತಿಂಗಳ ಲೆಕ್ಕದಲ್ಲಿ ಆಯಿಲ್ ಬದಲಿಸಬೇಕು.

ಇವೆಲ್ಲ ಸರಿ ಇದ್ದ ಮೇಲೆ ಪಂಪು, ಕೊನೆಗೆ ಬೇರಿಂಗ್. ಅಲ್ಲಿ ಕಿವಿಯೂ ಸಾಕ್ಷಿ ಹೇಳುತ್ತದೆ. ಮೇಲಿನಿಂದ ಬರುವ ಹಗುರ ಟಪೆಟ್ ಶಬ್ದ ಬೇರೆ, ಭಾರ ಬಿದ್ದಾಗ ಕೆಳಗಿನಿಂದ ಬರುವ ದಪ್ಪ ಬಡಿತ ಬೇರೆ. ಒತ್ತಡ ಕಡಿಮೆ ಮತ್ತು ಕೆಳಗಿನ ಬಡಿತ ಎರಡೂ ಒಟ್ಟಿಗೆ ಇದ್ದರೆ ಇನ್ನು ಓಡಿಸದೆ ಚೇಂಬರ್ ಇಳಿಸುವುದೇ ಸರಿ. ಬೇರಿಂಗ್ ಮಾತ್ರ ಬದಲಿಸಿದರೆ ಸಾಕೇ, ಕ್ರ್ಯಾಂಕನ್ನು ಲೇತಿಗೆ ಕಳಿಸಿ 0.25 ಮಿಲಿಮೀಟರ್ ಗ್ರೈಂಡ್ ಮಾಡಿಸಿ ಅದಕ್ಕೆ ತಕ್ಕ ಬೇರಿಂಗ್ ಹಾಕಬೇಕೇ ಎಂಬುದನ್ನೂ ಮೈಕ್ರೋಮೀಟರಿನ ಅಳತೆಯೇ ಹೇಳಬೇಕು. ಪಂಪು ಬಿಚ್ಚಿದ ಮೇಲೆ ಕೂರಿಸುವಾಗ ಅದರೊಳಗೆ ಆಯಿಲ್ ತುಂಬಿಯೇ ಕೂರಿಸಬೇಕು. ಸ್ಪಾರ್ಕ್ ತಪ್ಪಿಸಿ, ದೀಪ ಆರುವವರೆಗೆ ಸ್ಟಾರ್ಟರಿನಿಂದ ಮಾತ್ರ ತಿರುಗಿಸಿ, ಆಮೇಲೆ ಸ್ಟಾರ್ಟ್ ಮಾಡಬೇಕು. ತಿಂಗಳುಗಟ್ಟಲೆ ನಿಂತ ಕಾರಿಗೂ ಇದೇ ಕ್ರಮ ಒಳ್ಳೆಯದು.

ಮುಳ್ಳು ಮೇಲೆ ಹೋದರೆ

ಒತ್ತಡ ಹೆಚ್ಚಿದ್ದಷ್ಟೂ ಎಂಜಿನ್ ಗಟ್ಟಿ ಎಂಬ ನಂಬಿಕೆ ಪೂರ್ತಿ ಸರಿಯಲ್ಲ. ತಣ್ಣಗಿರುವಾಗ ಮುಳ್ಳು ಮೇಲಿದ್ದು ಬಿಸಿಯಾದಂತೆ ಇಳಿದರೆ ಅದು ಸಹಜ. ಬಿಸಿಯಾದ ಮೇಲೂ ವೇಗ ಹೆಚ್ಚಿದಂತೆ ತಡೆಯಿಲ್ಲದೆ ಏರುತ್ತಲೇ ಹೋದರೆ ರಿಲೀಫ್ ವಾಲ್ವ್ ಮುಚ್ಚಿಯೇ ಉಳಿದಿದೆ. ಫಿಲ್ಟರಿನ ಡಬ್ಬ ಉಬ್ಬಬಹುದು, ಪ್ಯಾಕಿಂಗ್ ಒಡೆಯಬಹುದು. ಸೆಂಡರಿನ ಆಚೆಗೆ ಆಯಿಲ್ ದಾರಿ ಕಟ್ಟಿದ್ದರೂ ಮುಳ್ಳು ಮೇಲೆ ತೋರಿಸುತ್ತದೆ, ಆದರೆ ಆ ದಾರಿಯ ಕೊನೆಯಲ್ಲಿರುವ ರಾಕರ್ ಶಾಫ್ಟಿಗೆ ಆಯಿಲೇ ತಲುಪುತ್ತಿರುವುದಿಲ್ಲ. ಟಪೆಟ್ ಕವರ್ ತೆಗೆದು ಮೇಲೆ ಆಯಿಲ್ ಬರುತ್ತಿದೆಯೇ ಎಂದು ನೋಡಿದರೆ ಇದು ತಿಳಿಯುತ್ತದೆ.

ಹಳೆಯ ಕಾರು ಕೊಳ್ಳುವವರಿಗೆ ಇಲ್ಲಿ ಒಂದು ಎಚ್ಚರಿಕೆಯ ಮಾತು. ಸವೆದ ಎಂಜಿನ್ನಿಗೆ ದಪ್ಪ ಆಯಿಲ್ ಅಥವಾ ದಪ್ಪ ಮಾಡುವ ದ್ರವ ಸುರಿದರೆ ಕೆಲವು ದಿನ ಒತ್ತಡ ಚೆನ್ನಾಗಿ ಕಾಣುತ್ತದೆ, ಬಡಿತವೂ ಅಡಗುತ್ತದೆ. ಮೂಡುಬಿದಿರೆಯಲ್ಲೋ ಬಂಟ್ವಾಳದಲ್ಲೋ ಕಾರು ನೋಡಲು ಹೋದಾಗ ಅಂಗಳದಲ್ಲಿ ಸ್ಟಾರ್ಟ್ ಮಾಡಿ ತೋರಿಸಿದರೆ ತೃಪ್ತರಾಗಬೇಡಿ. ಸಿದ್ಧಕಟ್ಟೆಯ ದಾರಿಯಲ್ಲಿ ಒಮ್ಮೆ ಹೋಗಿಬಂದು, ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಐಡ್ಲಿಂಗಿನಲ್ಲಿ ದೀಪ ಮಿಣುಕುತ್ತದೆಯೇ ನೋಡಿ. ಸಾಧ್ಯವಾದರೆ ಮೆಕ್ಯಾನಿಕಲ್ ಗೇಜ್ ಹಾಕಿಸಿ. ಒಪ್ಪದ ಮಾರಾಟಗಾರರಿಂದ ಕೊಳ್ಳದಿರುವುದೇ ಲೇಸು.

ಧರ್ಮಸ್ಥಳದಲ್ಲಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಬೆಳೆಸಿದ ಮಂಜೂಷಾ ವಸ್ತುಸಂಗ್ರಹಾಲಯದ ಹಳೆಯ ಕಾರುಗಳನ್ನು ನೋಡಲು ಜನ ಸಾಲುಗಟ್ಟುತ್ತಾರೆ. ಹಳೆಯ ಯಂತ್ರಗಳ ಮೇಲೆ ನಮ್ಮ ಜನರಿಗೆ ಪ್ರೀತಿ ಇದೆ ಎನ್ನುವುದಕ್ಕೆ ಅದು ಸಾಕ್ಷಿ. ರಸ್ತೆಯ ಮೇಲೆ ಇನ್ನೂ ದುಡಿಯುತ್ತಿರುವ ಹಳೆಯ ಕಾರಿಗೆ ಆ ಪ್ರೀತಿ ಅಳತೆಯ ರೂಪದಲ್ಲಿ ಸಿಗಬೇಕು. ಪ್ರತಿ ಸಲ ಆಯಿಲ್ ಬದಲಿಸಿದಾಗ ಬಿಸಿ ಎಂಜಿನ್ನಿನ ಐಡ್ಲಿಂಗ್ ಒತ್ತಡ ಮತ್ತು 3000 ಆರ್‌ಪಿಎಂ ಒತ್ತಡ, ಹಾಕಿದ ಆಯಿಲಿನ ಗ್ರೇಡು, ತಾರೀಕು ಇಷ್ಟನ್ನು ಕಾರಿನೊಳಗಿನ ಪುಸ್ತಕದಲ್ಲಿ ಬರೆದಿಡಿ. ಒಂದು ದಿನದ ರೀಡಿಂಗಿಗಿಂತ ಮೂರು ವರ್ಷದ ಸಾಲು ಹೆಚ್ಚು ಹೇಳುತ್ತದೆ. 22, 21, 20 ಎಂದು ನಿಧಾನ ಇಳಿದರೆ ಸವಕಳಿ, ಎಂಜಿನ್ ಕೆಲಸಕ್ಕೆ ಹಣ ಕೂಡಿಡಲು ಸಮಯವಿದೆ. 22ರಿಂದ ಒಮ್ಮೆಲೇ 8ಕ್ಕೆ ಬಿದ್ದರೆ ಎಲ್ಲೋ ಒಂದು ಭಾಗ ಕೆಟ್ಟಿದೆ, ಈಗಲೇ ಹುಡುಕಬೇಕು.

ಗ್ಯಾರೇಜಿನವರಲ್ಲಿ ಒಂದು ವಿನಂತಿ. ಒಂದು ಮೆಕ್ಯಾನಿಕಲ್ ಗೇಜ್ ಮತ್ತು ನಾಲ್ಕಾರು ಬಗೆಯ ಅಡಾಪ್ಟರ್ ಇಟ್ಟುಕೊಳ್ಳುವುದು ದೊಡ್ಡ ಬಂಡವಾಳವಲ್ಲ. "ಎಂಜಿನ್ ಕೆಲಸ ಉಂಟು" ಎನ್ನುವ ಮೊದಲು ಗೇಜಿನ ಮುಳ್ಳನ್ನು ಗಿರಾಕಿಗೆ ತೋರಿಸಿದರೆ ಆ ಮಾತಿಗೆ ತೂಕ ಬರುತ್ತದೆ, ಗಿರಾಕಿಯ ನಂಬಿಕೆಯೂ ಉಳಿಯುತ್ತದೆ. ಕಾರಿನ ಮಾಲಕರೂ ಸಂಕೋಚ ಬಿಟ್ಟು ಕೇಳಬೇಕು: ಒತ್ತಡ ಎಷ್ಟಿದೆ, ಬಿಸಿಯಲ್ಲಿ ಎಷ್ಟು, ಯಾವ ಗೇಜಿನಲ್ಲಿ ನೋಡಿದಿರಿ? ಈ ಮೂರಕ್ಕೆ ಉತ್ತರ ಸಿಗುವವರೆಗೆ ಎಂಜಿನ್ನಿನ ಒಂದು ಬೋಲ್ಟೂ ಸಡಿಲವಾಗಬೇಕಿಲ್ಲ.